ಮೋತಿಯ ದವಡೆಯಲ್ಲಿ ಸಿಕ್ಕ ಎಲುಬು

ಇಪ್ಪತ್ತೊಂಬತ್ತು ವರ್ಷ! ಇಳಕಲ್ಲಿನ ಕೆಂಪು ಕಲ್ಲನ್ನು ಕನ್ನಡಿ ಮಾಡುವ ಕೆಲಸದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಸವೆಸಿದ್ದೇನೆ. ನಮ್ಮ ಪಾಲಿಶ್ ಕಾರ್ಖಾನೆಯ ಗ್ರಾನೈಟಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದವರಿದ್ದಾರೆ, ಕುಂಕುಮ ಹಚ್ಚಿಕೊಂಡವರಿದ್ದಾರೆ, ಒಬ್ಬ ಮಹಾಶಯ ಗಡ್ಡವನ್ನೇ ಹೆರೆದುಕೊಂಡ. ಅಂಥ ಹೊಳಬಸಪ್ಪನಿಗೆ, ಅಂದರೆ ಸಾಕ್ಷಾತ್ ನನಗೆ, ಒಂದು ನಾಯಿಯ ನಲವತ್ತೆರಡು ಹಲ್ಲು ಯಾವ ಲೆಕ್ಕ?

ಹಾಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಚಹಾ ಹೀರುತ್ತ. ಘೋಷಣೆಗೆ ಕಾರಣ ನನ್ನ ಹೆಂಡತಿ ಸಿದ್ದಲಿಂಗವ್ವ ಮೂಗಿಗೆ ಸೆರಗು ಹಿಡಿದು ಆಡಿದ ಮಾತು.

"ರೀ, ಮೋತಿ ಬಾಯಿ ಭಾಳ ವಾಸನಿ ಬರಾಕತ್ತೈತಿ. ಅದು ಮುಂದ ನಿಂತು ಆಕಳಿಸಿದ್ರ ನನಗ ಚಹಾ ಗಂಟಲಾಗ ಇಳೀವಲ್ದು."

"ಇಷ್ಟ ಹೌದಲ್ಲ? ಎಂಟು ದಿನ ಕೊಡು. ಮೋತಿ ಹಲ್ಲಿನ್ಯಾಗ ನಿನ್ನ ಮಾರಿ ಕಾಣಲಿಲ್ಲ ಅಂದ್ರ ನಾ ಹೊಳಬಸಪ್ಪನ ಅಲ್ಲ!"

"ನನ್ನ ಮಾರಿ ಕನ್ನಡಿಯೊಳಗ ಕಂಡ್ರ ಸಾಕು ನನಗ. ಸುಮ್ಮನ ನಾಯಿನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ."

ದವಾಖಾನೆಯಂತೆ! ಕಲ್ಲಿಗೆ ಪಾಲಿಶ್ ಕೊಡುವುದೆಂದರೆ ಸುಮ್ಮನೆ ಉಜ್ಜುವುದಲ್ಲ ಸ್ವಾಮಿ. ಮೊದಲು ಒರಟು ನಂಬರಿನ ಉಜ್ಜುಕಲ್ಲಿನಿಂದ ತಿಕ್ಕಬೇಕು, ಆಮೇಲೆ ನಯವಾದ ನಂಬರು, ಆಮೇಲೆ ಇನ್ನೂ ನಯವಾದದ್ದು, ಕಟ್ಟಕಡೆಗೆ ಬಟ್ಟೆಯ ಹೊಳಪು. ಇದೇ ಶಾಸ್ತ್ರ ಹಲ್ಲಿಗೂ ಅನ್ವಯಿಸುತ್ತದೆ ಎಂದು ನಾನು ಅಲ್ಲಿಯೇ, ಬಶಿಯಲ್ಲಿ ಚಹಾ ಆರುವುದರೊಳಗೆ ಸಿದ್ಧಾಂತ ಮಾಡಿದೆ.

ಮೋತಿಯ ಬಗ್ಗೆ ಎರಡು ಮಾತು. ಆರು ವರ್ಷದ ಕೆಳಗೆ ಕಾರ್ಖಾನೆಯ ಕಲ್ಲಿನ ರಾಶಿಯ ಸಂದಿನಲ್ಲಿ ಕುಂಯ್ ಎನ್ನುತ್ತಿದ್ದ ಮರಿಯನ್ನು ನಾನೇ ಅಂಗಿಯೊಳಗಿಟ್ಟು ಮನೆಗೆ ತಂದೆ. ಕೆಂಚು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಮೊಟ್ಟೆ ಕೂಡ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಮೋತಿಯೂ ರೊಟ್ಟಿ, ಹಾಲು, ಮೊಸರನ್ನ ಉಂಡೇ ಬೆಳೆದಿತ್ತು. ಓಣಿಯಲ್ಲಿ ಯಾರಾದರೂ ಕೇಳಿದರೆ "ನಮ್ಮ ನಾಯಿ ಅಪ್ಪಟ ಶಾಕಾಹಾರಿ" ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಇನ್ನು ನಿಮ್ಮೊಬ್ಬರಿಗೇ ಒಂದು ಗುಟ್ಟು. ಎರಡು ವರ್ಷದ ಹಿಂದೆ ನನ್ನ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ಅಂದಿನಿಂದ ಸಿದ್ದಲಿಂಗವ್ವ ನಮ್ಮ ಮನೆಯಲ್ಲಿ ಬೆಲ್ಲದ ಹೆಸರೆತ್ತುವುದನ್ನೂ ಬಂದ್ ಮಾಡಿದಳು. ಆದರೆ ಅಮೀನಗಡದ ಕರದಂಟು ಇರುವ ಜಗತ್ತಿನಲ್ಲಿ ಅದನ್ನು ತಿನ್ನದೆ ಬದುಕುವುದು ಹೇಗೆ, ನೀವೇ ಹೇಳಿ! ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಗಸಗಸೆ, ಗೋಡಂಬಿ, ಒಣದ್ರಾಕ್ಷಿ, ಒಣಕೊಬ್ಬರಿ... ಬರೆಯುವಾಗಲೇ ಬಾಯಲ್ಲಿ ನೀರು. ನನ್ನ ಮಂಚದ ಕೆಳಗೆ ಕಲ್ಲಿನ ಸ್ಯಾಂಪಲ್ ತುಂಡುಗಳ ಒಂದು ಮರದ ಪೆಟ್ಟಿಗೆ ಇದೆ. ಅದರ ಮುಚ್ಚಳದ ಮೇಲೆ ಐದು ಕಿಲೋ ತೂಕದ ಕರಿಕಲ್ಲು. ಒಳಗೆ ಸ್ಯಾಂಪಲ್‌ಗಳ ನಡುವೆ, ಅವುಗಳಷ್ಟೇ ಗಂಭೀರವಾಗಿ, ಕರದಂಟಿನ ತುಂಡುಗಳು!

ತಂದುಕೊಡುತ್ತಿದ್ದವನು ಫಕ್ರುಸಾಬ. ನಮ್ಮದೇ ಕಾರ್ಖಾನೆಯ ಪಾಲಿಶ್ ಮಿಸ್ತ್ರಿ, ಪಕ್ಕದ ಮನೆಯವನು, ಇಪ್ಪತ್ತೆರಡು ವರ್ಷದ ಗೆಳೆಯ. ಅವನ ಹೆಂಡತಿ ರಂಜಾನಬಿಯ ತವರು ಅಮೀನಗಡ. ವಾರಕ್ಕೊಮ್ಮೆ ಆ ಕಡೆ ಹೋದಾಗ ಅರ್ಧ ಕಿಲೋ ತಂದು, ಪಾನಾ ಸ್ಕ್ರೂಡ್ರೈವರ್‌ಗಳ ಚೀಲದಲ್ಲಿಟ್ಟು ನನಗೆ ದಾಟಿಸುತ್ತಿದ್ದ. ಎರಡು ಮನೆಯ ನಡುವಿನ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ, ಅದಕ್ಕೊಂದು ಕದ. ಹೆಂಗಸರ ಚಟ್ನಿ, ಪಲ್ಯ, ಸಮಾಚಾರ ಎಲ್ಲ ಆ ಕಿಂಡಿಯಲ್ಲೇ ಓಡಾಡುತ್ತಿದ್ದವು.

ನಾನು ದಿನಕ್ಕೊಂದು ತುಂಡು ತಿನ್ನುತ್ತಿದ್ದೆ. ತಿಂದ ಮೇಲೆ ಬೆರಳನ್ನು ಮೋತಿಗೆ ನೆಕ್ಕಲು ಕೊಡುತ್ತಿದ್ದೆ. ಇದಕ್ಕೆ ಪೊಲೀಸ್ ಭಾಷೆಯಲ್ಲಿ ಸಾಕ್ಷ್ಯನಾಶ ಎನ್ನುತ್ತಾರೆ. ಆದರೆ ಈಚೆಗೆ ಒಂದು ವಿಚಿತ್ರ ನಡೆದಿತ್ತು. ಸೋಮವಾರ ಹನ್ನೆರಡು ತುಂಡು ಇಟ್ಟರೆ ಗುರುವಾರಕ್ಕೆ ಮೂರು! ನಾನು ತಿಂದದ್ದು ಮೂರೇ. ಉಳಿದ ಆರು? ಇರುವೆ ಆರು ತುಂಡು ಹೊರಲಾರದು. ನಾಯಿ ಐದು ಕಿಲೋ ಕಲ್ಲು ಎತ್ತಲಾರದು. ಹೆಂಡತಿಗೆ ಪೆಟ್ಟಿಗೆಯ ಸುದ್ದಿಯೇ ಗೊತ್ತಿಲ್ಲ. ಉಳಿದವನು ನಾನೇ! ತಿಂದು ಮರೆಯುತ್ತಿದ್ದೇನೆಯೇ? ಸಕ್ಕರೆ ನೆನಪಿಗೂ ಏರಿತೇ? ಯಾರನ್ನು ಕೇಳುವುದು? ಕೇಳಿದರೆ ಪೆಟ್ಟಿಗೆಯ ಗುಟ್ಟು ಹೊರಬೀಳುತ್ತದೆ. ಈ ಚಿಂತೆಯಲ್ಲಿ ನಾನು ಅರ್ಧ ಆಗಿದ್ದೆ.

ಇರಲಿ, ಹಲ್ಲಿಗೆ ಬರೋಣ.

ಸೋಮವಾರ ಬೆಳಿಗ್ಗೆ ಒರಟು ನಂಬರಿನಿಂದ ಶುಭಾರಂಭ. ನನ್ನ ಹಳೆಯ ಬ್ರಶ್ಶಿಗೆ ನಮ್ಮದೇ ಪೇಸ್ಟನ್ನು ಧಾರಾಳವಾಗಿ ಹಿಂಡಿ, ಬಚ್ಚಲ ಮುಂದೆ ಮೋತಿಯನ್ನು ಕಾಲುಗಳ ನಡುವೆ ಒತ್ತಿ ಹಿಡಿದೆ. ಅದು ಮೊದಲು ಬ್ರಶ್ಶು ನೋಡಿತು, ಆಮೇಲೆ ನನ್ನ ಮುಖ ನೋಡಿತು, ಆಮೇಲೆ ಬಾಲ ಒಳಗೆಳೆದುಕೊಂಡಿತು. ನಾನು ಬಿಡುತ್ತೇನೆಯೇ! ಬಲಗಡೆ ಹತ್ತು, ಎಡಗಡೆ ಹತ್ತು, ಕಲ್ಲಿಗೆ ತಿಕ್ಕಿದ ಹಾಗೆ ತಿಕ್ಕಿದೆ. ನೊರೆ ಎದ್ದಿತು. ಹಿಮಾಲಯದಷ್ಟು ನೊರೆ! ಮೋತಿ ಒಮ್ಮೆ ಸೀನಿ, ನನ್ನ ಕೈಯಿಂದ ಜಾರಿ, ತೆರೆದ ಬಾಗಿಲಿನಿಂದ ಬೀದಿಗೆ ಹಾರಿತು.

ನಮ್ಮದು ನೇಕಾರರ ಓಣಿ. ಆ ಹೊತ್ತಿನಲ್ಲಿ ಮನೆಮನೆಯಲ್ಲೂ ಮಗ್ಗ ಖಟಕ್ ಖಟಕ್ ಎನ್ನುತ್ತಿರುತ್ತದೆ. ಬಾಯಿ ತುಂಬ ಬಿಳಿ ನೊರೆ ಸುರಿಸುತ್ತ, ಕಣ್ಣು ಕೆಂಪಗೆ ಮಾಡಿಕೊಂಡು ಓಡುತ್ತಿರುವ ನಾಯಿಯನ್ನು ಮೊದಲು ಕಂಡವನು ಎದುರು ಮನೆಯ ಚಂದಪ್ಪ.

"ಹುಚ್ಚನಾಯಿ! ಹುಚ್ಚನಾಯಿ ಬಂತ್ರೋ! ಬಾಗಲಾ ಹಾಕ್ಕೋರ್ರಿ!"

ಖಟಕ್ ನಿಂತಿತು. ಇಡೀ ಓಣಿಯ ಮಗ್ಗ ಒಮ್ಮೆಗೇ ಮೌನ! ದಬ ದಬ ಬಾಗಿಲು ಮುಚ್ಚಿದವು. ಚಂದಪ್ಪ ಮಗ್ಗದ ಕುಣಿಯಿಂದ ಎದ್ದವನು ಯಾವ ಮೆಟ್ಟಿಲು ಹತ್ತಿದನೋ, ನೋಡುವುದರೊಳಗೆ ಮಾಳಿಗೆಯ ಮೇಲಿದ್ದ. ನಾನು ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಬ್ರಶ್ಶು ಹಿಡಿದು ಹಿಂದೆ ಓಡಿದೆ.

"ಹುಚ್ಚ ಹಿಡದಿಲ್ಲೋ ಚಂದಪ್ಪ! ನಾನ ಹಲ್ಲ ತಿಕ್ಕೇನಿ!"

"ನಾಯಿಗೆ ಹಲ್ಲ ತಿಕ್ಕಿದಿ ಅಂದ್ರ ಹುಚ್ಚ ಹಿಡದದ್ದು ನಿನಗಲೇ!" ಮಾಳಿಗೆಯ ಮೇಲಿಂದ ಉತ್ತರ ಬಂತು.

ಯಾರೋ ಬಡಿಗೆ ತಂದರು. ಇನ್ನೊಬ್ಬರು ಪುರಸಭೆಗೆ ಫೋನು ಹಚ್ಚಿದರು. ಆಗ ತನ್ನ ಮನೆಯ ಕಟ್ಟೆಯಿಂದ ಇಳಿದು ಬಂದವಳು ರಂಜಾನಬಿ. ಬೀದಿಯ ನಡುವೆ ಕುಕ್ಕರಗಾಲಲ್ಲಿ ಕೂತು, "ಬಾರೋ ಮೋತ್ಯಾ" ಎಂದಳು. ಮೋತಿ ಓಡಿಹೋಗಿ ಅವಳ ಮಡಿಲಲ್ಲಿ ಮುಖ ಹುದುಗಿಸಿತು. ಅವಳು ಉಟ್ಟ ಸೀರೆಯ ಸೆರಗಿನಿಂದಲೇ ಅದರ ಬಾಯಿ ಒರೆಸಿ, ಸೆರಗನ್ನು ಮೂಸಿ ನೋಡಿದಳು.

"ಪುದೀನಾ ವಾಸನಿ ಬರ್ತೈತಿ! ಅಣ್ಣಾ, ನಾಯಿಗೆ ಪೇಸ್ಟ್ ತಿನಿಸೀರೇನು?"

ಓಣಿ ನಕ್ಕಿತು, ಮಗ್ಗಗಳು ಮತ್ತೆ ಶುರುವಾದವು. ಆ ದಿನ ರಂಜಾನಬಿ ಬರದಿದ್ದರೆ ಮೋತಿಯ ಮೇಲೆ ಬಡಿಗೆ ಬೀಳುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಏಕೆಂದರೆ ಎರಡು ದಿನದಲ್ಲಿ ನಾನು ಅದನ್ನು ಮರೆತೆ.

ಬುಧವಾರ ನಯವಾದ ನಂಬರು. ಪೇಸ್ಟು ಬೇಡ, ಬ್ರಶ್ಶು ಬೇಡ, ಬೆರಳಿಗೆ ಸುತ್ತಿದ ಒದ್ದೆ ಅರಿವೆ ಸಾಕು. ಸಿದ್ದಲಿಂಗವ್ವ ಬ್ಯಾಟರಿ ಹಿಡಿದು ನಿಂತಳು. ಮೋತಿಯ ಬಾಯಿ ಅಗಲಿಸಿ ನೋಡುತ್ತೇನೆ: ಮುಂದಿನ ಹಲ್ಲು ಪರವಾಗಿಲ್ಲ. ಆದರೆ ಹಿಂದಿನ ದವಡೆ? ಕಂದುಗಟ್ಟಿದ ಹಲ್ಲು, ಊದಿದ ಒಸಡು, ಒಸಡಿನ ಬಣ್ಣ ಥೇಟ್ ನಮ್ಮ ಕೆಂಪು ಕಲ್ಲಿನದು. ಅರಿವೆ ಆಡಿಸಿದೆ. ಟಕ್ ಎಂದು ಏನೋ ಕಿತ್ತುಬಂದು ಅಂಗೈಗೆ ಬಿತ್ತು. ಉಗುರಿನಷ್ಟು ಅಗಲ, ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕಂದು, ಒಳ್ಳೇ ಗಟ್ಟಿ. ನಾನು ಕಲ್ಲಿನ ಬಿರುಕು ನೋಡುವ ಭೂತಗನ್ನಡಿ ತಂದು ಪರೀಕ್ಷಿಸಿ ತೀರ್ಪು ಕೊಟ್ಟೆ.

"ಎಲುಬು!"

"ಶಿವ ಶಿವಾ!" ಎಂದು ಸಿದ್ದಲಿಂಗವ್ವ ಬ್ಯಾಟರಿ ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿದಳು. ಒಳಗೆ ತಂಬಿಗೆಯಿಂದ ತಲೆಗೆ ನೀರು ಸುರಿದುಕೊಳ್ಳುವ ಸದ್ದು. ಸದ್ದಿನ ನಡುವೆಯೇ ಅವಳ ಪ್ರಶ್ನೆ ಬಂತು.

"ಎಲುಬು ಅಂತ ನಿಮಗ ಹೆಂಗ ಗೊತ್ತು? ನೀವು ಹುಟ್ಟಿದ ಮ್ಯಾಲೆ ಯಾವಾಗ ನೋಡೀರಿ?"

"ಸಾಲ್ಯಾಗ. ಗೋಡಿ ಮ್ಯಾಲ ಚಿತ್ರ ಇತ್ತಲ್ಲ. ಎಲುಬು ಬೆಳ್ಳಗಿರ್ತೈತಿ, ಗಟ್ಟಿ ಇರ್ತೈತಿ. ಇದೂ ಬೆಳ್ಳಗೈತಿ, ಗಟ್ಟಿ ಐತಿ!"

ಲೆಕ್ಕ ಕೂಡಿಬಂತು. ಬಾಯಿ ವಾಸನೆ ಏಕೆ? ಎಲುಬು! ಎಲುಬು ಎಲ್ಲಿಂದ? ಓಣಿಯಲ್ಲಿ ಮಾಂಸ ಮಾಡುವ ಮನೆ ನಮ್ಮ ಮಗ್ಗುಲಿಗೇ ಇದೆ. ನಾನು ಆ ಚೂರನ್ನು ಕಾಗದದಲ್ಲಿ ಮಡಚಿದೆ.

"ರೀ, ಹೋಗಬ್ಯಾಡ್ರಿ," ಬಚ್ಚಲಿನಿಂದ ಸಿದ್ದಲಿಂಗವ್ವ ಕೂಗಿದಳು, "ರಂಜಾನಬಿ ಅಂಥಾಕಿ ಅಲ್ಲ! ನಾ ಬರೂತನಕ ತಡೀರಿ!"

ತಡೆಯುವ ಗಂಡಸೇ ನಾನು? ಕಿಂಡಿಯ ಕದ ತಟ್ಟಿದೆ. ಫಕ್ರುಸಾಬ ಚಹಾದ ಬಟ್ಟಲು ಹಿಡಿದು ಬಂದ, ಹಿಂದೆ ರಂಜಾನಬಿ.

"ಫಕ್ರು, ಒಂದು ಮಾತು. ನಿಮ್ಮ ಮನಿ ಎಲುಬು ನಮ್ಮ ಮೋತಿಗೆ ಹಾಕಬ್ಯಾಡ್ರಿ. ನಮ್ಮದು ಎಂಥಾ ಮನಿ ಅನ್ನೂದು ನಿಮಗ ಗೊತ್ತೈತಿ. ನೋಡು, ದವಡ್ಯಾಗ ಸಿಕ್ಕೈತಿ."

ರಂಜಾನಬಿಯ ಮುಖ ಸಣ್ಣದಾಯಿತು.

"ಅಣ್ಣಾ, ಇಪ್ಪತ್ತೆರಡು ವರ್ಷದಾಗ ನಮ್ಮ ಮನಿ ಒಂದು ಎಲುಬು ನಿಮ್ಮ ಅಂಗಳಕ್ಕ ಬಿದ್ದೈತೇನು? ಮಾಂಸ ಮಾಡಿದ ದಿನ ನಾ ಈ ಕಿಂಡಿ ಕದಾನ ತಗಿಯೂದಿಲ್ಲ. ಎಲುಬೆಲ್ಲಾ ಗಂಟು ಕಟ್ಟಿ ಇವರ ಕೈಯಾಗ ಕೊಟ್ಟು ಊರ ಹೊರಗ ಒಗಿಸ್ತೇನಿ. ಯಾಕ ಗೊತ್ತೈತೇನು? ಈ ನಾಯಿ ಅದನ್ನ ಕಚ್ಕೊಂಡು ನಿಮ್ಮ ದೇವರ ಮನಿ ಮುಂದ ಇಟ್ಟೀತು ಅಂತ. ಸಿದ್ದವ್ವಕ್ಕಗ ಬ್ಯಾಸರ ಆದೀತು ಅಂತ."

ಅವಳು ಕಣ್ಣಿಗೆ ಸೆರಗು ಹಚ್ಚಿದಳು. ಅವಳು ಒಳಗೆ ಹೋದಳು. ಫಕ್ರುಸಾಬ ನನ್ನ ಕೈಯಿಂದ ಕಾಗದದ ಪೊಟ್ಟಣ ತೆಗೆದುಕೊಂಡು ಬಿಚ್ಚಿದ. ನೋಡಿದ. ಮೂಗಿನ ಹತ್ತಿರ ಹಿಡಿದ. ಅವನ ಮೀಸೆ ಒಮ್ಮೆ ಅಲುಗಿತು. ನನ್ನನ್ನು ನೋಡಿದ, ನನ್ನ ಹಿಂದೆ ತಲೆಗೆ ಅರಿವೆ ಸುತ್ತಿಕೊಂಡು ಓಡಿಬರುತ್ತಿದ್ದ ಸಿದ್ದಲಿಂಗವ್ವನನ್ನು ನೋಡಿದ. ಪೊಟ್ಟಣವನ್ನು ಮತ್ತೆ ಮಡಚಿ ತನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಆತ್ರಿ ಅಣ್ಣಾರ. ನೀವು ಎಲುಬು ಅಂದ್ರ ಎಲುಬ."

ಕದ ಮುಚ್ಚಿತು. ಜಗಳ ಆಡಿದ್ದರೆ ನಾನು ಗೆದ್ದೆನೆಂದಾದರೂ ಅನ್ನಿಸುತ್ತಿತ್ತು. ಅವನು ಏಕೆ ಜಗಳ ಆಡಲಿಲ್ಲ? ಮೀಸೆ ಏಕೆ ಅಲುಗಿತು? ನನಗೆ ಒಂದೂ ತಿಳಿಯಲಿಲ್ಲ.

ಅಂದಿನಿಂದ ಕಿಂಡಿ ಬಂದ್. ಕಾರ್ಖಾನೆಯಲ್ಲಿ ಫಕ್ರುಸಾಬ "ಹೌದ್ರಿ", "ಇಲ್ರಿ" ಎರಡೇ ಮಾತು. ಮನೆಯಲ್ಲಿ ಸಿದ್ದಲಿಂಗವ್ವ ಅಷ್ಟೂ ಇಲ್ಲ. ರೊಟ್ಟಿಯ ತಟ್ಟೆ ಎದುರಿಗೆ ಕುಕ್ಕಿದ ಸದ್ದಿನಲ್ಲೇ ನಾನು ಅರ್ಥ ಮಾಡಿಕೊಳ್ಳಬೇಕು.

"ಹೆರಿಗಿಗೆ ನನ್ನ ಆಸ್ಪತ್ರಿಗೆ ಕರ್ಕೊಂಡು ಹೋದಾಕಿ ರಂಜಾನಬಿ," ಎಂದಳು ಕಡೆಗೊಮ್ಮೆ. "ಆಗ ನೀವು ಎಲ್ಲಿದ್ರಿ? ಕಲ್ಲ ತಿಕ್ಕಾಕತ್ತಿದ್ರಿ. ಆ ಕಿಂಡಿ ತಗಿಸಿಕೊಡ್ರಿ ನನಗ. ಹೆಂಗರ ಮಾಡ್ರಿ, ತಗಿಸಿಕೊಡ್ರಿ."

ಖರೇ ಹೇಳುತ್ತೇನೆ, ನನಗೂ ಸಂಕಟವಾಗಿತ್ತು. ಇಪ್ಪತ್ತೆರಡು ವರ್ಷದ ಗೆಳೆತನವನ್ನು ಉಗುರಿನಷ್ಟು ಚೂರಿಗೆ ಕಳೆದುಕೊಂಡೆನೇ? ಆದರೆ ಎಲುಬು ಎಲುಬೇ ಅಲ್ಲವೇ? ಅವರು ಹಾಕಿಲ್ಲವೆಂದರೆ ಅದು ಬಂದದ್ದೆಲ್ಲಿಂದ? ಪೆಟ್ಟಿಗೆಯಲ್ಲಿ ಕರದಂಟು ಕಾಣೆಯಾಗುತ್ತದೆ, ನಾಯಿಯ ಬಾಯಲ್ಲಿ ಎಲುಬು ಹುಟ್ಟುತ್ತದೆ! ಮನೆಗೆ ಯಾರಾದರೂ ಮಾಟ ಮಾಡಿಸಿದರೇ ಎಂದು ಕೂಡ ಯೋಚಿಸಿದೆ.

ಶುಕ್ರವಾರ ಮೋತಿ ಊಟ ಬಿಟ್ಟಿತು. ರೊಟ್ಟಿ ಕಚ್ಚಿತು, ಕುಂಯ್ ಎಂದು ಕೆಳಗೆ ಬಿಟ್ಟಿತು. ಮುಂಗಾಲಿನಿಂದ ಕೆನ್ನೆ ಉಜ್ಜಿಕೊಂಡು ನನ್ನ ಮುಖ ನೋಡಿತು. ಹಾಲೂ ಮುಟ್ಟಲಿಲ್ಲ. ಎಂದೋ ಅಂಗಿಯೊಳಗಿಟ್ಟು ತಂದ ಮರಿಯ ಮುಖವೇ ಅದು. ನನ್ನ ಹೊಳಪಿನ ಶಾಸ್ತ್ರವೆಲ್ಲ ಕಣ್ಣೀರಾಗಿ ಇಳಿಯಿತು.

ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ಹಾರ್ನ್ ಕೇಳಿಸಿತು. ಕಾರ್ಖಾನೆಯ ಸಣ್ಣ ಗಾಡಿ. ಸ್ಟೇರಿಂಗ್ ಹಿಡಿದು ಕೂತವನು ಫಕ್ರುಸಾಬ! ನನ್ನ ಕಡೆ ನೋಡದೆ ಸಿದ್ದಲಿಂಗವ್ವನಿಗೆ ಹೇಳಿದ.

"ಅಕ್ಕಾರ, ಮೋತಿ ಊಟ ಬಿಟ್ಟೈತಂತ. ಬಾಗಲಕೋಟಿ ನವನಗರದಾಗ ನಾಯಿ ಹಲ್ಲ ನೋಡೂ ಡಾಕ್ಟ್ರ ಅದಾರ. ಹತ್ರಿ. ಮಾಲಕರಿಗೆ ಹೇಳಿ ಗಾಡಿ ತಂದೇನಿ. ನಮ್ಮಾಕಿ ಕಳಿಸ್ಯಾಳ. ತಪ್ಪು ಮಾಡಿದ್ರ ಮನಷ್ಯಾ ಮಾಡ್ಯಾನು, ನಾಯಿ ಏನ್ ಮಾಡೈತಿ ಅಂದ್ಲು."

ಆ 'ಮನಷ್ಯಾ' ಯಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೋತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹುನಗುಂದ ದಾಟಿತು. ಮೋತಿ ಸತ್ತಂತೆ ಬಿದ್ದಿತ್ತು. ಅಮೀನಗಡ ಬಂತು. ರಸ್ತೆಯ ಎರಡೂ ಬದಿಗೆ ಕರದಂಟಿನ ಅಂಗಡಿ, ಗಾಳಿಯಲ್ಲಿ ಕಾಸಿದ ಬೆಲ್ಲದ ಪರಿಮಳ. ಹಿಂದಿನ ದಿನದಿಂದ ಏನೂ ಮುಟ್ಟದ ಮೋತಿ ಎದ್ದು ಕೂತಿತು! ಮಡಚಿದ ಕಿವಿ ನೆಟ್ಟಗಾಯಿತು. ಕಿಟಕಿಯಿಂದ ಮೂತಿ ಹೊರಹಾಕಿ, ಬಾಲ ಅಲ್ಲಾಡಿಸಿ, ಒಂದೊಂದು ಅಂಗಡಿಗೂ ಬೌ ಬೌ ಎಂದು ನಮಸ್ಕಾರ ಹೇಳತೊಡಗಿತು.

"ಇದಕ್ಕ ಈ ಊರು ಹೆಂಗ ಗೊತ್ತು?" ನನ್ನ ಬಾಯಿಂದ ತಾನಾಗಿ ಬಂತು.

ಸಿದ್ದಲಿಂಗವ್ವ ಕಿಟಕಿಯ ಆ ಕಡೆ ತಿರುಗಿ ಹೊಲ ನೋಡುತ್ತಿದ್ದಳು. ಫಕ್ರುಸಾಬನಿಗೆ ಜೋರು ಕೆಮ್ಮು ಬಂತು. ಬೆರಳು ನೆಕ್ಕಿದ್ದಕ್ಕೇ ಇಷ್ಟು ಗುರುತೇ ಎಂದು ನಾನು ಬೆವರಿದೆ.

ಡಾಕ್ಟರ್ ಹೆಸರು ಐಶ್ವರ್ಯ. ಬಾದಾಮಿ ಕಡೆಯ ಹುಡುಗಿ, ವಯಸ್ಸಿನಲ್ಲಿ ನನ್ನ ಅರ್ಧ. ಮೋತಿಯ ಬಾಯಿ ಸಣ್ಣಗೆ ತೆರೆದು ನೋಡಿದವರೇ ನನ್ನನ್ನು ಕೇಳಿದರು.

"ಏನು ಹಚ್ಚಿ ತಿಕ್ಕಿದ್ರಿ?"

"ನಮ್ಮದ ಪೇಸ್ಟ್‌ರಿ."

"ಮನಷ್ಯಾರ ಪೇಸ್ಟ್ ಹಚ್ಚಬಾರದ್ರಿ. ನಾವು ಉಗುಳ್ತೇವಿ, ಅವು ನುಂಗ್ತಾವ. ನಾಯಿಗಂತ ಬ್ಯಾರೆ ಪೇಸ್ಟ್ ಸಿಗ್ತೈತಿ. ಮೆತ್ತನ್ನ ಬ್ರಶ್ ತಗೊಂಡು ದಿನಾ ಒಂದೀಟು ತಿಕ್ಕಬೇಕು. ಹಿಂಗ ಒಮ್ಮೆಲೆ ಕಲ್ಲಿಗೆ ತಿಕ್ಕಿದಂಗ ತಿಕ್ಕಿದ್ರ ಒಸಡು ಹರೀತೈತಿ."

ನನ್ನ ಕಸುಬು ಇವರಿಗೆ ಹೇಳಿದವರು ಯಾರು?

ಆಗ ಸಿದ್ದಲಿಂಗವ್ವ ಮುಂದೆ ಬಂದಳು. "ಡಾಕ್ಟ್ರ, ದವಡ್ಯಾಗ ಎಲುಬು ಸಿಕ್ಕಿತ್ತಂತ್ರಿ. ಅದರಿಂದ ಎರಡು ಮನಿ ಮಾತು ಬಿಟ್ಟೇವಿ. ಅದು ಖರೇನ ಎಲುಬು ಹೌದೋ ಅಲ್ಲೋ, ನೀವು ನೋಡಿ ಹೇಳ್ರಿ. ಫಕ್ರಣ್ಣಾ, ಕೊಡ್ರಿ ಇತ್ಲಾಗ."

ಫಕ್ರುಸಾಬ ಕಿಸೆ ಮುಟ್ಟಿಕೊಂಡು ಹಿಂದೆ ಸರಿದ. "ಇರ್ಲಿ ಬಿಡ್ರಿ ಅಕ್ಕಾರ. ಎಲುಬ ಅದು."

"ಕೊಡ್ರಿ ಅಂದೆ!"

ಪೊಟ್ಟಣ ಬಿಚ್ಚಿತು. ಡಾಕ್ಟರು ಭೂತಗನ್ನಡಿಯೂ ಇಲ್ಲದೆ, ಎರಡು ಬೆರಳಲ್ಲಿ ಹಿಡಿದು ಒಂದೇ ಕ್ಷಣದಲ್ಲಿ ಹೇಳಿದರು.

"ಇದು ಒಣಕೊಬ್ಬರಿ ಐತ್ರಿ!"

ಕೊಬ್ಬರಿ! ನಾನು ಗೋಡೆಗೆ ಒರಗಿದೆ. ಡಾಕ್ಟರು ಮೋತಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು, ದೀಪ ಹಾಕಿ, ಕೊಕ್ಕೆಯಂಥ ಸಲಕರಣೆ ತೆಗೆದುಕೊಂಡು ಹಿಂದಿನ ದವಡೆಯ ಸಂದಿನಿಂದ ಕಡಲೆಕಾಳಿನಷ್ಟು ಒಂದು ಕರಿ ಗಂಟನ್ನು ಎಬ್ಬಿಸಿದರು. ಅದನ್ನು ತಟ್ಟೆಯಲ್ಲಿ ಬಿಡಿಸಿ ಬಿಡಿಸಿ ತೋರಿಸಿದರು: ಬೆಲ್ಲ, ಅಂಟು, ಗಸಗಸೆ, ಇನ್ನೊಂದು ಕೊಬ್ಬರಿ ಚೂರು.

"ಇದು ಕರದಂಟು! ಒಂದು ದಿನದ್ದಲ್ಲ. ಮೂರು ತಿಂಗಳಿಂದ ದಿನಾ ಯಾರೋ ಹಾಕ್ಯಾರ. ಹಲ್ಲಿಗೆ ಅಂಟಿ ಒಳಗ ಕೀವು ಆಗೈತಿ. ನಾಯಿಗೆ ಸಿಹಿ ಹಾಕಬಾರದ್ರಿ, ಇದರಾಗಿನ ಒಣದ್ರಾಕ್ಷಿ ಅಂತೂ ಅಪಾಯ. ಯಾರು ಹಾಕಿದವ್ರು?"

ಸ್ವಾಮಿ, ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಏನು ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ. ಫಕ್ರುಸಾಬನ ಮಾವನ ಮನೆ ಅಮೀನಗಡ, ಅವನ ಹೆಸರು ಹೇಳಿದರೆ ಎಲ್ಲರೂ ನಂಬುತ್ತಾರೆ ಎಂದು ಬಂತು. ನಾನು ಬಾಯಿ ತೆರೆಯುವ ಮೊದಲೇ ಅವನೇ ಕೈ ಮುಗಿದ.

"ನಾನ ಹಾಕೇನ್ರಿ ಡಾಕ್ಟ್ರ. ನಂದ ತಪ್ಪು."

ಮೂರು ದಿನದಿಂದ ಅವನ ಕಿಸೆಯಲ್ಲಿ ನನ್ನ ಗುಟ್ಟು ಇತ್ತು! ಕೊಬ್ಬರಿಯನ್ನು ಮೂಸಿದೊಡನೆ ಅವನಿಗೆ ಎಲ್ಲ ತಿಳಿದಿತ್ತು. ಹೆಂಡತಿ ಅತ್ತರೂ, ಕಿಂಡಿ ಮುಚ್ಚಿದರೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

"ಸುಳ್ಳು!" ಎಂದೆ. "ಅಂವ ಹಾಕಿಲ್ಲ. ಕರದಂಟು ನಂದು. ಮಂಚದ ಕೆಳಗ ಸ್ಯಾಂಪಲ್ ಪೆಟ್ಟಿಗ್ಯಾಗ ಮುಚ್ಚಿಡ್ತೇನಿ. ನಾನ ತಿಂತೇನಿ. ಮೋತಿಗೆ ಬೆರಳಷ್ಟ ನೆಕ್ಕಾಕ ಕೊಟ್ಟೇನಿ. ಸಿದ್ದವ್ವ, ಏನ್ ಬೈತಿ ಬೈ."

ಸಿಡಿಲಿಗೆ ಕಾದು ಕಣ್ಣು ಮುಚ್ಚಿದೆ. ಸಿಡಿಲು ಬೀಳಲಿಲ್ಲ.

"ಗೊತ್ತು," ಎಂದಳು.

"ಏನ್ ಗೊತ್ತು?"

"ಪೆಟ್ಟಿಗಿ ಗೊತ್ತು. ಸಂಕ್ರಾಂತಿಗೆ ಮನಿ ತೊಳಿಯೂಮುಂದ ಕಲ್ಲ ಎತ್ತಿ ನೋಡೇನಿ."

"ಮತ್ತ ಕೇಳಲಿಲ್ಲ?"

"ಕೇಳಿದ್ರ ಬ್ಯಾರೆ ಕಡೆ ಮುಚ್ಚಿಡ್ತಿದ್ರಿ, ನನಗ ಹುಡುಕೂದು ಆಗ್ತಿತ್ತು. ನೀವು ಕೆಲಸಕ್ಕ ಹೋದ ಮ್ಯಾಲೆ ದಿನಾ ಎರಡು ತುಂಡು ತಗದು ಬಿಡ್ತಿದ್ದೆ. ಅಷ್ಟರ ನಿಮ್ಮ ಹೊಟ್ಟಿಗೆ ಕಡಿಮಿ ಹೋಗ್ಲಿ ಅಂತ. ತಿನ್ನೂ ವಸ್ತು ಕಸಕ್ಕ ಹಾಕಾಕ ಮನಸು ಬರಲಿಲ್ಲ. ಮೋತಿ ಎದುರಿಗೆ ಕುಂತು ನೋಡ್ತಿತ್ತು, ಹಾಕಿದೆ." ಅವಳ ಕಣ್ಣು ತುಂಬಿದವು. "ಸಕ್ಕರಿ ಏರಿ ನಿಮ್ಮ ಕಾಲಿಗೆ ಏನರ ಆದೀತು ಅಂತ ಹೆದರಿ ಇದರ ಹಲ್ಲು ಕೆಡಿಸಿದೆ ನಾನು. ಆದ್ರ ಒಂದು ತಿಳೀವಲ್ದು. ಎಷ್ಟು ತಗದ್ರೂ ಪೆಟ್ಟಿಗಿ ಮತ್ತ ತುಂಬ್ತೈತಿ! ಯಾರು ತುಂಬ್ತಾರ?"

ಫಕ್ರುಸಾಬ ದವಾಖಾನೆಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಅಣ್ಣಾ!" ಎಂದಳು ಸಿದ್ದಲಿಂಗವ್ವ. "ನೀವೂನಾ?"

"ಇನ್ನ ಮ್ಯಾಲೆ ಇಲ್ರಿ ಅಕ್ಕಾರ. ಅಲ್ಲಾನ ಆಣಿ."

ಡಾಕ್ಟರು ನಮ್ಮ ಮೂವರನ್ನೂ ಒಂದು ಸುತ್ತು ನೋಡಿದರು. ಆಮೇಲೆ ಮಲಗಿದ್ದ ಮೋತಿಯ ತಲೆ ಸವರಿ, ಹಲ್ಲು ಉಳಿಯುತ್ತದೆ, ವಾರದಲ್ಲಿ ಗುಣವಾಗುತ್ತದೆ ಎಂದರು. ಚೀಟಿ ಬರೆದರು: ಸಿಹಿ ಬಂದ್, ದಿನಾ ಹಲ್ಲು ತಿಕ್ಕುವುದು, ದಿನಾ ಎರಡು ಮೈಲು ನಡೆಸುವುದು, ಕದ್ದು ತಿನ್ನದಂತೆ ಕಣ್ಣಿಡುವುದು.

ಸಿದ್ದಲಿಂಗವ್ವ ಚೀಟಿ ಓದಿ ಕಣ್ಣು ಒರೆಸಿಕೊಂಡಳು. "ಡಾಕ್ಟ್ರ, ಇದ ಚೀಟಿ ಇನ್ನೊಂದು ಬರಕೊಡ್ರಿ."

"ಮನ್ಯಾಗ ಇನ್ನೊಂದು ನಾಯಿ ಐತೇನ್ರಿ?"

"ನಾಯಿ ಅಲ್ರಿ," ಎಂದು ಅವಳು ನನ್ನ ಕಡೆ ನೋಡಿದಳು. ಡಾಕ್ಟರೂ ನೋಡಿದರು. ಮತ್ತೇನೂ ಕೇಳದೆ ಬರೆದುಕೊಟ್ಟರು.

ಎರಡೂ ಚೀಟಿ ಈಗ ನಮ್ಮ ಅಡುಗೆಮನೆಯಲ್ಲಿ ಒಂದೇ ಮೊಳೆಗೆ ತೂಗುತ್ತಿವೆ.

ಆದರೆ ನಿಜವಾದ ಕೆಲಸ ಉಳಿದಿತ್ತು. ಅದೇ ಸಂಜೆ ಕಿಂಡಿಯ ಮುಂದೆ ನಿಂತೆ. ಕದ ಮುಚ್ಚಿತ್ತು. ಮುಚ್ಚಿದ ಕದಕ್ಕೇ ಮಾತಾಡಿದೆ.

"ರಂಜಾನಬಿ, ನಂದು ತಪ್ಪಾತವ್ವ. ಹುಟ್ಟಿದ ಮ್ಯಾಲೆ ಎಲುಬು ನೋಡದಾಂವ ನಾ, ಕೊಬ್ಬರಿ ನೋಡಿ ಎಲುಬು ಅಂದೆ. ನಿನಗ ಅನ್ನಬಾರದ ಮಾತು ಅಂದೆ. ಓಣ್ಯಾಗ ನಮ್ಮ ನಾಯಿ ಜೀವಾ ಉಳಿಸಿದಾಕಿ ನೀನು, ಅದನ್ನೂ ಮರತೆ. ಮಾಫ್ ಮಾಡು."

ನನ್ನ ಹಿಂದೆ ಸಿದ್ದಲಿಂಗವ್ವ ಬಂದು ನಿಂತಿದ್ದಳು. ಮೋತಿ ಇಬ್ಬರ ನಡುವೆ ಮೂತಿ ತೂರಿಸಿ ಕದ ಮೂಸಿತು.

"ಮೋತ್ಯಾನ ಹಲ್ಲು ಉಳದಾವೇನು?" ಒಳಗಿನಿಂದ ಕೇಳಿಸಿತು.

"ಉಳದಾವ."

ಚಿಲಕ ಸರಿಯಿತು. ಕದ ತೆರೆದು ಒಂದು ಕೈ ಹೊರಬಂತು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಶೇಂಗಾ ಚಟ್ನಿ, ಚಟ್ನಿಯ ಪಕ್ಕದಲ್ಲಿ ಬೇಕೆಂದೇ ಇಟ್ಟ ಒಂದು ಒಣಕೊಬ್ಬರಿ ಹೋಳು. ನಾನು ಎರಡೂ ಕೈ ಚಾಚಿದೆ. ರಂಜಾನಬಿ ತಟ್ಟೆ ಬಿಡಲಿಲ್ಲ.

"ತಡೀರಿ ಅಣ್ಣಾ. ಮೊದಲ ನೋಡಿ ಹೇಳ್ರಿ, ಇದು ಎಲುಬೋ ಕೊಬ್ಬರಿಯೋ?"

ಸಿದ್ದಲಿಂಗವ್ವ ಕಿಸಕ್ಕನೆ ನಕ್ಕಳು. ಗೋಡೆಯ ಆ ಕಡೆ ಫಕ್ರುಸಾಬನ ನಗು. ಚಂದಪ್ಪ ಮಾಳಿಗೆಯ ಮೇಲೆ ಒಣಗಿದ ನೂಲು ತೆಗೆಯುತ್ತಿದ್ದವನು ಕಿವಿ ಈ ಕಡೆ ತಿರುಗಿಸಿದ. ಇಪ್ಪತ್ತೊಂಬತ್ತು ವರ್ಷದ ಅನುಭವಿ, ಕಲ್ಲನ್ನು ಕನ್ನಡಿ ಮಾಡುವ ಹೊಳಬಸಪ್ಪ ತಲೆ ತಗ್ಗಿಸಿ ಹೇಳಿದ.

"ನನಗ ತಿಳಿಯೂದಿಲ್ಲವ್ವ. ಮೋತಿನ್ನ ಕೇಳು."